ಪರೀಕ್ಷೆಗೆ ಮುಂಚಿನ ಮೂರು ವಾರ

ಜನವರಿ 11

ಅಪ್ಪನಿಗೆ,

ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳಿಸಲ್ಲ. ನಾನು ಕೂಗಬೇಕು, ಕೂಗಿದರೆ ಅಡುಗೆಮನೆಯಲ್ಲಿರೋ ಅಮ್ಮನಿಗೆ ಕೇಳುತ್ತೆ. ಅದಕ್ಕೇ ಬರೀತಿದ್ದೀನಿ. ಓದಿ ಅಮ್ಮನಿಗೆ ತೋರಿಸೋದು ಬಿಡೋದು ನಿಮಗೆ ಸೇರಿದ್ದು.

ಆಸ್ಪತ್ರೆ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಹನ್ನೆರಡು ದಿನ ಆಯ್ತು. ಮಕ್ಕಳಾಗಲಿಲ್ಲ ಅಂತ ಏಳು ವರ್ಷ ನಿಮ್ಮ ಸೊಸೆಯನ್ನೇ ಕಂಡಕಂಡ ಕಡೆ ತೋರಿಸಿದೆವಲ್ಲ, ಇಲ್ಲಿನ ಡಾಕ್ಟರಮ್ಮ ಇವಳ ಫೈಲಿನ ಒಂದೊಂದೇ ಹಾಳೆ ತಿರುವಿ, ಕೊನೆಗೆ ಮುಚ್ಚಿಟ್ಟು, "ಗಂಡನ ಪರೀಕ್ಷೆ ಎಲ್ಲಿ?" ಅಂದರು. ಮಾಡಿಸಿಲ್ಲ ಅಂದೆ. "ಏಳು ವರ್ಷದಲ್ಲಿ ಒಂದು ಸಲವೂ?" ಅಂದರು. ಇವಳು ನನ್ನ ಕಡೆ ನೋಡಲಿಲ್ಲ. ಮಡಿಲಲ್ಲಿದ್ದ ಚೀಲದ ಹಿಡಿಯನ್ನ ಸುತ್ತುತ್ತಾ ಕೂತಿದ್ದಳು.

ಪರೀಕ್ಷೆಗೆ ಕೊಡೋ ಕೋಣೆ ಕಕ್ಕಸಿನ ಪಕ್ಕದಲ್ಲಿದೆ. ಚಿಲಕ ಸರಿಯಾಗಿ ಕೂರಲ್ಲ, ಬಾಗಿಲನ್ನ ಕಾಲಿನಿಂದ ಒತ್ತಿ ಹಿಡಿಯಬೇಕು. ಮೂಲೆಯಲ್ಲಿ ಒಂದು ಬಕೆಟ್ಟು, ಅದರಲ್ಲಿ ನನಗಿಂತ ಮುಂಚೆ ಬಂದವರು ಎಸೆದ ಕಾಗದ. ಹೊರಗಡೆ ಮುಂದಿನವನು ಕೆಮ್ಮುತ್ತಾ ನಿಂತಿದ್ದ. ಡಬ್ಬಿ ತಂದುಕೊಟ್ಟಾಗ ಲ್ಯಾಬಿನವಳು ಅದನ್ನ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮೇಲೆ ನನ್ನ ಹೆಸರು ಬರೆದಳು. ಅಷ್ಟು ಹೊತ್ತೂ ನಾನು ಗೋಡೆ ನೋಡ್ತಿದ್ದೆ. ನನ್ನ ಮೈಮೇಲೆ ನನಗೇ ಹೇಸಿಗೆ ಬಂತು. ಆಮೇಲೆ ಅನ್ನಿಸಿತು, ಇವಳು ಇಂಥ ಕೋಣೆಗಳಲ್ಲಿ ಏಳು ವರ್ಷ ಮಲಗಿ ಎದ್ದಿದ್ದಾಳೆ ಅಂತ.

ಫಲಿತಾಂಶ ಬಂದಿದೆ. ವೀರ್ಯದಲ್ಲಿ ಇರಬೇಕಾದ ಅಣುಗಳಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ. ಇರೋವು ಕುಂಟುತ್ತವೆ. ಮುಕ್ಕಾಲು ಪಾಲು ತಲೆ ಸೊಟ್ಟ, ಬಾಲ ಮುರುಟು. ಡಾಕ್ಟರಮ್ಮ ಕೇಳಿದರು, "ಏನು ಕೆಲಸ?" ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕಾರ್ಖಾನೆ, ಹನ್ನೊಂದು ವರ್ಷದಿಂದ ಕುಲುಮೆ ಮುಂದೆ ಅಂದೆ. ಅವರು ಪೆನ್ನು ಕೆಳಗಿಟ್ಟು ಪಕ್ಕದ ಕೋಣೆಯಿಂದ ಇನ್ನೊಬ್ಬ ಡಾಕ್ಟರನ್ನ ಕರೆದರು. ಆತ ದನದ ಹಲ್ಲು ನೋಡೋ ಹಾಗೆ ನನ್ನ ತುಟಿ ಕೆಳಗೆಳೆದು ನೋಡಿದ. ವಸಡಿನಲ್ಲಿ ಒಂದು ನೀಲಿ ಗೆರೆ ಇದೆಯಲ್ಲ, ಕೊಳೆ ಅಂದುಕೊಂಡು ನಾನು ರಕ್ತ ಬರೋವರೆಗೆ ಉಜ್ಜುತ್ತಿದ್ದೆ. ಅದು ಸೀಸ.

ರಕ್ತದಲ್ಲಿ ಸೀಸ ಐವತ್ತೆಂಟು ಇದೆ. ಐದರ ಒಳಗಿರಬೇಕಂತೆ. ಕಾರ್ಖಾನೆಯವರು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡ್ತಾರೆ, ಯಾವಾಗಲೂ ಇಪ್ಪತ್ತು ಚಿಲ್ಲರೆ ಬರುತ್ತೆ ಅಂದಾಗ ಡಾಕ್ಟರಮ್ಮ ಕೇಳಿದರು, "ಪರೀಕ್ಷೆಗೆ ಮುಂಚೆ ಏನು ಮಾಡ್ತಿದ್ದರು?" ಇದ್ದದ್ದನ್ನ ಹೇಳಿದೆ. ಮೂರು ವಾರ ಕುಲುಮೆಯಿಂದ ತೆಗೆದು ಅಂಗಳದಲ್ಲಿ ಪೆಟ್ಟಿಗೆ ಕಟ್ಟೋಕೆ ಹಾಕ್ತಿದ್ದರು, ಶಕ್ತಿಗೆ ಅಂತ ಬಿಳೀ ಮಾತ್ರೆ ಕೊಡ್ತಿದ್ದರು ಅಂತ.

ಯಾರನ್ನ ಯಾವಾಗ ಅಂಗಳಕ್ಕೆ ಹಾಕಬೇಕು ಅನ್ನೋ ಪಟ್ಟಿ ಬರೀತಿದ್ದವರು ಮೇಸ್ತ್ರಿಯಾದ ನೀವು. ಮಾತ್ರೆ ಹಂಚುತ್ತಿದ್ದವರೂ ನೀವೇ. ಯಾಕೆ ಅಂತ ನಿಮಗೆ ಗೊತ್ತಿತ್ತಾ? ಇಷ್ಟೇ ನನ್ನ ಪ್ರಶ್ನೆ.

ನಿಮ್ಮ ಮಗ

*

ಜನವರಿ 24

ಮಗನಿಗೆ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಗಂಡಸಾದವನು ಇಂಥದ್ದನ್ನೆಲ್ಲ ಕಾಗದದಲ್ಲಿ ಬರೀತಾನಾ? ಅಂಚೆಯವನು ನನಗೆ ಪರಿಚಯ.

ಆಸ್ಪತ್ರೆಯವರು ಒಂದು ಹೇಳಿ ಹತ್ತು ಪರೀಕ್ಷೆ ಮಾಡಿಸ್ತಾರೆ. ಅವರು ಕುಲುಮೆ ಕಂಡವರಲ್ಲ. ನಾನು ಇಪ್ಪತ್ತೊಂಬತ್ತು ವರ್ಷ ಅದರ ಹೊಗೆ ಕುಡಿದು ಗಟ್ಟಿಮುಟ್ಟಾಗಿ ನಿಂತಿದ್ದೀನಿ, ಕಿವಿ ಒಂದು ಬಿಟ್ಟರೆ. ಹಾಲು ಕುಡಿ, ಬಾಳೆಹಣ್ಣು ತಿನ್ನು, ಚಿಂತೆ ಬಿಡು. ಪಾಳಿ ಬದಲಾವಣೆ ಕಂಪನಿ ಡಾಕ್ಟರ ಆಜ್ಞೆ, ಮೇಸ್ತ್ರಿ ಅಂದವನು ಹೇಳಿದ್ದು ಬರೀತಾನೆ. ಅದರಲ್ಲಿ ಗೊತ್ತಿರೋದೇನು, ಗೊತ್ತಿಲ್ಲದಿರೋದೇನು. ಸೀಸದಿಂದ ಹಾಗಾಗೋದಾದರೆ ನಿನ್ನ ಜೊತೆಗೇ ಕುಲುಮೆ ಮುಂದೆ ನಿಲ್ಲೋ ನಮ್ಮ ಉದ್ದನೆಯವನಿಗೆ ಮೂರು ಮಕ್ಕಳು ಹೇಗೆ ಹುಟ್ಟಿದವು?

ಮ್ಯಾನೇಜರು ಎರಡು ಸಲ ಸಿಕ್ಕಿ ನಿನ್ನ ರಜೆ ಯಾವಾಗ ಮುಗಿಯುತ್ತೆ ಅಂತ ಕೇಳಿದರು. ಕೆಲಸ ಕೈಬಿಟ್ಟು ಹೋಗೋ ಹಾಗೆ ಮಾಡ್ಕೋಬೇಡ. ಅಮ್ಮ ಸೊಸೆಗೆ ಏನೋ ಪುಡಿ ಕಳಿಸ್ತೀನಿ ಅಂತಿದ್ದಾಳೆ, ಹಾಲಲ್ಲಿ ಕಲಸಿ ಕುಡಿಯಬೇಕಂತೆ.

ನಿನ್ನ ತಂದೆ

*

ಫೆಬ್ರವರಿ 6

ಅಪ್ಪನಿಗೆ,

ಉದ್ದನೆಯವನ ಮೂರು ಮಕ್ಕಳೂ ಅವನು ಕುಲುಮೆಗೆ ಬರೋ ಮುಂಚೆ ಹುಟ್ಟಿದವು. ಬೆರಳು ಮಡಚಿ ಲೆಕ್ಕ ಹಾಕಿ ನೋಡಿ. ನಮ್ಮ ವಿಭಾಗದಲ್ಲಿ ನಾವು ಹತ್ತೊಂಬತ್ತು ಜನ. ಸೇರಿದ ಮೇಲೆ ಮದುವೆಯಾದವರು ಹನ್ನೊಂದು. ಅವರಲ್ಲಿ ಮಕ್ಕಳಿರೋದು ಇಬ್ಬರಿಗೆ. ಇದನ್ನ ನಾವು ತಮಾಷೆ ಮಾಡ್ತಿದ್ದೆವು. ಇಲ್ಲಿ ಕೆಲಸ ಸಿಕ್ಕರೆ ಗಂಡಸರ ಆಪರೇಷನ್ನು ಪುಕ್ಕಟೆ ಅಂತ ಕುಳ್ಳ ಹೇಳಿದರೆ ಊಟದ ಡಬ್ಬಿ ಬಡಿದು ನಗ್ತಿದ್ದೆವು. ನೀವೂ ಅಲ್ಲೇ ನಿಂತಿರ್ತಿದ್ದಿರಿ. ನೀವು ನಗ್ತಿದ್ದ ನೆನಪು ನನಗಿಲ್ಲ.

ಊಟ ಅಂದೆ. ಸೀಸದ ಗಟ್ಟಿಗಳನ್ನ ಜೋಡಿಸಿಟ್ಟ ರಾಶಿಯ ಮೇಲೆ ಕೂತು ನಾವು ಉಣ್ತಿದ್ದೆವು, ಬೇರೆ ಜಾಗ ಇರಲಿಲ್ಲ. ಕರಗಿದ ಸೀಸದ ಮೇಲೆ ಕಟ್ಟೋ ಕಿಟ್ಟ ತೆಗೆದ ಕೈಯನ್ನ ಡ್ರಮ್ಮಿನ ನೀರಲ್ಲಿ ಅದ್ದಿದರೆ ಕೈ ತೊಳೆದ ಹಾಗೆ. ಆ ನೀರಿನ ಮೇಲೆ ಬೂದಿ ಕೆನೆ ಕಟ್ಟಿರ್ತಿತ್ತು. ಬಾಯಲ್ಲಿ ಸದಾ ಒಂದು ಸಿಹಿ. ಈಗಲೂ ಬೆಳಿಗ್ಗೆ ಎದ್ದಾಗ ನಾಲಿಗೆ ಬುಡದಲ್ಲಿ ಅದೇ ಸಿಹಿ ಬರುತ್ತೆ, ಓಡಿಹೋಗಿ ವಾಂತಿ ಮಾಡ್ತೀನಿ.

ಮಾತ್ರೆ ಬಗ್ಗೆ ಕೇಳಿದೆ. ಅದು ರಕ್ತದಲ್ಲಿರೋ ಸೀಸವನ್ನ ಮೂತ್ರದಲ್ಲಿ ಇಳಿಸುತ್ತಂತೆ. ಪರೀಕ್ಷೆ ದಿನ ರಕ್ತ ತಿಳಿಯಾಗಿರುತ್ತೆ. ಮೂಳೆಯಲ್ಲಿ ಕೂತಿದ್ದು ಅಲ್ಲೇ ಇರುತ್ತೆ, ಇಪ್ಪತ್ತು ಮೂವತ್ತು ವರ್ಷ ನಿಧಾನವಾಗಿ ರಕ್ತಕ್ಕೆ ಇಳೀತಾನೇ ಇರುತ್ತೆ. ಕುಲುಮೆ ಮುಂದೆ ನಿಲ್ಲಿಸಿಕೊಂಡು ಆ ಮಾತ್ರೆ ನುಂಗಿಸೋದು ಎಲ್ಲೂ ಮಾಡಬಾರದ ಕೆಲಸ ಅಂತ ಡಾಕ್ಟರಮ್ಮ ಹೇಳಿದರು. ನೀವು ಎರಡೆರಡೇ ಎಣಿಸಿ ನನ್ನ ಅಂಗೈಗೆ ಹಾಕ್ತಿದ್ದಿರಿ. "ನನ್ನೆದುರಿಗೇ ನುಂಗು" ಅಂತಿದ್ದಿರಿ. ಅಪ್ಪನ ಅಕ್ಕರೆ ಅಂದುಕೊಂಡಿದ್ದೆ.

ಇನ್ನೊಂದು ವಿಷಯ. ಇವಳ ರಕ್ತವನ್ನೂ ನೋಡಿದರು. ಇಪ್ಪತ್ತಾರು. ಕಾರ್ಖಾನೆ ಗೇಟನ್ನೂ ದಾಟದವಳು. ನನ್ನ ಅಂಗಿ ಒಗೆದು ಒಗೆದು ಬಂದಿದ್ದು. ಎರಡು ಸಲ ಮೂರು ತಿಂಗಳಿಗೇ ಗರ್ಭ ಹೋಯ್ತಲ್ಲ, ಅದಕ್ಕೂ ಇದೇ ಕಾರಣ ಅಂತ ಖಂಡಿತ ಹೇಳೋಕಾಗಲ್ಲ, ಆದರೆ ಇದನ್ನ ಬಿಟ್ಟು ಬೇರೆ ಕಾರಣ ಕಾಣ್ತಿಲ್ಲ ಅಂದರು. ಎರಡನೇ ಸಲ ಅಮ್ಮ ಇವಳಿಗೆ ಅಂದ ಮಾತು ನಿಮಗೆ ನೆನಪಿದೆಯಾ? ನೀವು ಪೇಪರು ಓದ್ತಾ ಕೂತಿದ್ದಿರಿ. ನಾನೂ ಅಲ್ಲೇ ಇದ್ದೆ, ನಾನೂ ಬಾಯಿ ಬಿಡಲಿಲ್ಲ. ನನ್ನ ಪಾಲಿನ ಹೇಸಿಗೆ ನನಗಿದೆ, ನಿಮ್ಮ ಪಾಲಿನದ್ದನ್ನ ನೀವು ತಗೊಳ್ಳಿ.

ಪುಡಿ ಕಳಿಸಬೇಡಿ ಅಂತ ಅಮ್ಮನಿಗೆ ಹೇಳಿ. ನಾನು ಕೆಲಸಕ್ಕೆ ಬರಲ್ಲ ಅಂತ ಮ್ಯಾನೇಜರಿಗೆ ಹೇಳಿ.

ನಿಮ್ಮ ಮಗ

*

ಫೆಬ್ರವರಿ 20

ಮಾವನವರಿಗೆ,

ಎಂಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ನಿಮ್ಮ ಜೊತೆ ಊಟಕ್ಕೆ ಬನ್ನಿ, ನೀರು ಕಾದಿದೆ ಅನ್ನೋದನ್ನ ಬಿಟ್ಟು ಬೇರೆ ಮಾತಾಡಿದವಳಲ್ಲ. ಈ ಕಾಗದ ಬರೆಯುತ್ತಿರುವುದು ನಿಮ್ಮ ಮಗನಿಗೆ ಗೊತ್ತು. ಏನು ಬರೆದಿದ್ದೇನೆ ಅಂತ ಗೊತ್ತಿಲ್ಲ.

ಅವರ ಎರಡನೇ ಕಾಗದಕ್ಕೆ ನೀವು ಉತ್ತರ ಕೊಟ್ಟಿಲ್ಲ. ಮೇಸ್ತ್ರಿ ಅಂದರೆ ಹೇಳಿದ್ದನ್ನ ಬರೆಯುವವನು, ಏನೂ ಗೊತ್ತಿರಲಿಲ್ಲ ಅಂತ ನಿಮ್ಮನ್ನ ನೀವೇ ನಂಬಿಸಿಕೊಳ್ಳುತ್ತಿರಬಹುದು. ನಾನು ಕಂಡದ್ದನ್ನ ಹೇಳುತ್ತೇನೆ.

ನಿಮ್ಮ ಮಗನ ಅಂಗಿಯನ್ನ ಬಕೆಟ್ಟಿನಲ್ಲಿ ನೆನೆಸಿದರೆ ನೀರು ಪೆನ್ಸಿಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು. ಒಗೆಯುವ ಮುಂಚೆ ಅಂಗಳದಲ್ಲಿ ಕೊಡವುತ್ತಿದ್ದೆ, ಧೂಳು ಮೂಗಿಗೆ ಬರುತ್ತಿತ್ತು. ಹೊಟ್ಟೆಯಲ್ಲಿ ಮಗು ಇದ್ದಾಗಲೂ ಕೊಡವಿದೆ. ಆದರೆ ನಿಮ್ಮ ಕಾರ್ಖಾನೆ ಬಟ್ಟೆಯನ್ನ ನಾನು ಒಂದು ದಿನವೂ ಒಗೆಯಲಿಲ್ಲ ಮಾವ. ಅದು ಮನೆಗೆ ಬರುತ್ತಲೇ ಇರಲಿಲ್ಲ. ನೀವು ಅಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಕ್ರಾಪು ಬಾಚಿಕೊಂಡು ಬರುತ್ತಿದ್ದಿರಿ. ಮೇಸ್ತ್ರಿಗಳಿಗೆ ಬಚ್ಚಲು ಇದೆ, ಕೂಲಿಯವರಿಗಿಲ್ಲ ಅಂತ ಇವರು ಹೇಳಿದ್ದರು. ನಿಮ್ಮದು ಚೊಕ್ಕಟ ಸ್ವಭಾವ ಅಂತ ನಾನು ಮೆಚ್ಚಿಕೊಂಡಿದ್ದೆ. ಒಂದು ದಿನ ಬಚ್ಚಲಿನ ನೀರು ನಿಂತಿತ್ತು ಅಂತ ನೀವು ಅದೇ ಬಟ್ಟೆಯಲ್ಲಿ ಬಂದಿರಿ. ಪಕ್ಕದ ಮನೆಯ ಮಗು ಓಡಿಬಂದು ಕಾಲು ತಬ್ಬಿಕೊಳ್ಳಲು ಹೋಯಿತು. ನೀವು ಬೆಂಕಿ ಕಂಡವರ ಹಾಗೆ ಹಿಂದೆ ಸರಿದು, "ಮುಟ್ಟಬೇಡ" ಅಂದಿರಿ.

ಪರರ ಮಗುವಿಗೆ ಹೇಳಿದ್ದನ್ನ ನಿಮ್ಮ ಮಗನಿಗೆ ಯಾಕೆ ಹೇಳಲಿಲ್ಲ? ನನಗೆ ಯಾಕೆ ಹೇಳಲಿಲ್ಲ?

ನನ್ನನ್ನ ಎರಡು ಸಲ ಕೆರೆದು ತೆಗೆದಿದ್ದಾರೆ. ಗರ್ಭನಾಳದೊಳಗೆ ಬಣ್ಣದ ನೀರು ಬಿಟ್ಟು ಚಿತ್ರ ತೆಗೆದಿದ್ದಾರೆ. ಅತ್ತೆ ಕೊಟ್ಟ ಪುಡಿ, ಕಷಾಯ ಕುಡಿದು ನಾಲಿಗೆ ದಪ್ಪಗಾಗಿದೆ. ಯಾರ ಮನೆಯಲ್ಲಿ ಹೆರಿಗೆಯಾದರೂ ಅತ್ತೆ ನನ್ನನ್ನ ಕರೆದುಕೊಂಡು ಹೋಗುತ್ತಿರಲಿಲ್ಲ. ಇದೆಲ್ಲ ನಡೆಯುವಾಗ ಗೊತ್ತಿದ್ದ ಒಬ್ಬರು ಮನೆಯಲ್ಲಿ ಕೂತು ನಾನು ಬಡಿಸಿದ್ದನ್ನ ಉಣ್ಣುತ್ತಿದ್ದರು. ಆ ತಟ್ಟೆ ತೊಳೆದದ್ದು ನೆನೆದರೆ ನನಗೆ ಈಗ ಕೈ ತೊಳೆಯಬೇಕು ಅನ್ನಿಸುತ್ತದೆ.

ಇಷ್ಟೇ.

ನಿಮ್ಮ ಸೊಸೆ

*

ಏಪ್ರಿಲ್ 30

ಮಗನಿಗೆ, ಸೊಸೆಗೆ,

ಎರಡು ತಿಂಗಳಲ್ಲಿ ಐದಾರು ಸಲ ಬರೆಯೋಕೆ ಕೂತೆ. ಪ್ರತಿ ಸಲವೂ ನನ್ನನ್ನೇ ಸಮರ್ಥಿಸಿಕೊಂಡು ಬರೆದಿರ್ತೀನಿ. ಮತ್ತೆ ಓದಿ ನಾನೇ ಹರಿದುಹಾಕ್ತೀನಿ. ಈ ಸಲ ನಡೆದದ್ದನ್ನ ನಡೆದ ಹಾಗೆ ಬರೆದುಬಿಡ್ತೀನಿ.

ನನಗೆ ಗೊತ್ತಿತ್ತು.

ನಿನಗೆ ಎರಡು ವರ್ಷ ಆದಾಗ ನಾನು ಆ ಕುಲುಮೆಗೆ ಸೇರಿದ್ದು. ನಿಮ್ಮಮ್ಮನಿಗೆ ಒಂದು ಹೆಣ್ಣು ಬೇಕು ಅಂತ ಆಸೆ. ಆಗಲಿಲ್ಲ. ನಿಮ್ಮಜ್ಜಿ ಅವಳನ್ನ ಒಂದು ಹೆತ್ತು ಬತ್ತಿಹೋದವಳು ಅಂತಿದ್ದಳು. ಆರನೇ ವರ್ಷ ಕಂಪನಿಗೆ ಒಬ್ಬ ಹೊಸ ಡಾಕ್ಟರು ಬಂದ, ಎಳೇ ವಯಸ್ಸು. ನನ್ನನ್ನ ಕೂರಿಸಿ ಎಲ್ಲ ಕೇಳಿ, "ತಪ್ಪು ನಿಮ್ಮ ಹೆಂಡತಿಯದಲ್ಲ, ಈ ಸೀಸದ್ದು. ಕುಲುಮೆ ಬಿಡಿ, ಈ ಬಟ್ಟೆ ಮನೆಗೆ ಒಯ್ಯಬೇಡಿ" ಅಂದ. ಮೂರು ತಿಂಗಳಲ್ಲಿ ಅವನನ್ನ ಕಳಿಸಿಬಿಟ್ಟರು. ನಾನು ಮ್ಯಾನೇಜರ ಕೈಕಾಲು ಹಿಡಿದು ಮೇಸ್ತ್ರಿಯಾದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಗಂಡಸುತನ ಹೋಯ್ತು ಅಂತ ಹೇಗೆ ಹೇಳಲಿ? ಅವಳನ್ನ ಅಂದರೆ ಅವಳು ಅತ್ತು ಸುಮ್ಮನಾಗ್ತಾಳೆ, ನನ್ನನ್ನ ಅಂದರೆ ನಾನು ಎಲ್ಲಿ ಹೋಗಲಿ ಅಂದುಕೊಂಡೆ. ಹಾಗೇ ವರ್ಷಗಳು ಹೋದವು.

ನಿನಗೆ ಎಲ್ಲೂ ಕೆಲಸ ಸಿಗದಿದ್ದಾಗ ಮ್ಯಾನೇಜರು ಕುಲುಮೆಗೆ ಕಳಿಸು ಅಂದರು. ಎರಡು ವರ್ಷ ನಿಲ್ಲಲಿ, ಆಮೇಲೆ ಆಫೀಸಿಗೆ ಹಾಕಿಸ್ತೀನಿ ಅಂತ ಲೆಕ್ಕ ಹಾಕಿದೆ. ಎರಡು ನಾಲ್ಕಾಯ್ತು, ನಾಲ್ಕು ಹನ್ನೊಂದಾಯ್ತು. ನಿನ್ನೊಬ್ಬನನ್ನ ತೆಗೆದರೆ ಉಳಿದ ಹದಿನೆಂಟು ಜನ ಯಾಕೆ ಅಂತ ಕೇಳ್ತಿದ್ದರು. ಬಟ್ಟೆ ಬದಲಾಯಿಸಿಕೊಂಡು ಹೋಗು ಅಂತ ನಿನಗೆ ಹೇಳಿದ್ದರೆ ನೀನೂ ಯಾಕೆ ಅಂತ ಕೇಳ್ತಿದ್ದೆ. ಆ ಒಂದು ಯಾಕೆಗೆ ಹೆದರಿ ನಾನು ಎಲ್ಲ ಮಾಡಿದೆ. ನಿನ್ನ ಹೆಸರನ್ನ ಪಟ್ಟಿಯಲ್ಲಿ ಮೊದಲು ಬರೀತಿದ್ದೆ. ಮೂರು ವಾರ ಆದರೂ ಹೊರಗಿನ ಗಾಳಿ ಕುಡೀಲಿ ಅಂತ ಸಮಾಧಾನ ಮಾಡ್ಕೊಳ್ತಿದ್ದೆ. ಥೂ, ಇದೂ ಸಮರ್ಥನೆಯೇ ಆಯ್ತು.

ಸೊಸೆ ಬರೆದಿದ್ದು ಅಕ್ಷರ ಅಕ್ಷರ ನಿಜ. ಆ ಮಗು ಓಡಿಬಂದ ದಿನ ನನಗೂ ನೆನಪಿದೆ.

ಬೇಕಾದರೆ ಎಲ್ಲಿ ಹೇಳು ಅಂತೀರೋ ಅಲ್ಲಿ ಹೇಳ್ತೀನಿ. ಒಂದೇ ಕೇಳಿಕೊಳ್ಳೋದು, ನಿಮ್ಮಮ್ಮನಿಗೆ ಮಾತ್ರ ಬೇಡ. ಈ ವಯಸ್ಸಿನಲ್ಲಿ ಅವಳಿಗೆ ಇದು ಯಾಕೆ?

ತಂದೆ

*

ಮೇ 9

ಅಪ್ಪನಿಗೆ,

ಕಾರ್ಮಿಕರ ಕಚೇರಿಯಲ್ಲಿ ದೂರು ಕೊಟ್ಟಿದ್ದೀನಿ. ಕುಳ್ಳನೂ ಇನ್ನೂ ನಾಲ್ವರೂ ಇಲ್ಲಿಗೆ ಬಂದು ರಕ್ತ ಕೊಟ್ಟು ಹೋಗಿದ್ದಾರೆ. ಕುಳ್ಳನದು ಅರವತ್ತಮೂರು. ಚೀಟಿ ನೋಡಿ ಅವನು ಯಾವ ತಮಾಷೆಯನ್ನೂ ಮಾಡಲಿಲ್ಲ. ಪಟ್ಟಿ, ಮಾತ್ರೆ, ಕಂಪನಿ ಡಾಕ್ಟರು, ಎಲ್ಲ ನೀವು ಬಂದು ಹೇಳಬೇಕು. ತಾರೀಖು ತಿಳಿಸ್ತಾರೆ.

ನಾನು ರಟ್ಟಿನ ಪೆಟ್ಟಿಗೆ ಮಾಡೋ ಕಡೆ ಸೇರಿದ್ದೀನಿ. ನನ್ನ ರಕ್ತದ ಸೀಸ ನಲವತ್ತಕ್ಕೆ ಇಳಿದಿದೆ. ಸೀಸದಿಂದ ದೂರ ಇದ್ದರೆ ಬೀಜ ಚೇತರಿಸಿಕೊಳ್ಳಬಹುದು, ಚೇತರಿಸಿಕೊಳ್ಳದೆಯೂ ಇರಬಹುದು, ಒಂದು ವರ್ಷ ಕಾಯಿರಿ ಅಂದಿದ್ದಾರೆ. ಕಾಯೋಣ ಅಂದೆ. "ನೀವು ಕಾಯಿರಿ, ನಾನು ಕಾದಾಗಿದೆ" ಅಂದಳು ಇವಳು. ಅದರ ಅರ್ಥ ಏನು ಅಂತ ಕೇಳೋ ಧೈರ್ಯ ನನಗೆ ಬಂದಿಲ್ಲ.

ಅಮ್ಮನಿಗೆ ಈ ವಯಸ್ಸಿನಲ್ಲಿ ಯಾಕೆ ಅಂದಿರಿ. ಅವಳಿಗೆ ಇಪ್ಪತ್ತೊಂಬತ್ತು ವರ್ಷ ಇದ್ದಾಗ, ಆ ಎಳೇ ಡಾಕ್ಟರು ಹೇಳಿದ ದಿನವೇ ಹೇಳಬೇಕಿತ್ತು, ಅದಕ್ಕೆ. ನಾನೇ ಹೇಳಬಹುದು, ಹೇಳಲ್ಲ. ನಿಮ್ಮ ಬಾಯಿಂದಲೇ ಬರಬೇಕು. ಅಲ್ಲಿವರೆಗೆ ನನಗೆ ಬರೆಯಬೇಡಿ.

ಮಗ

*

ಜುಲೈ 2

ಸೊಸೆಗೆ,

ನಾನು ನಾಲ್ಕನೇ ಕ್ಲಾಸು. ಕಾಗದ ಬರೆದು ಎಷ್ಟು ವರ್ಷ ಆಯ್ತೋ. ತಪ್ಪಿದ್ದರೆ ನೀನೇ ಕೂಡಿಸಿಕೊಂಡು ಓದು. ಇದನ್ನ ನಾನು ನನ್ನ ಮಗನಿಗೆ ಬರೀತಿಲ್ಲ, ನಿನಗೇ ಬರೀತಿದ್ದೀನಿ.

ಹೋದ ತಿಂಗಳು ಬೆಳಿಗ್ಗೆ ನಾನು ತರಕಾರಿ ಹೆಚ್ಚುತ್ತಾ ಕೂತಿದ್ದೆ. ಇವರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಯಾವತ್ತೂ ಅಲ್ಲಿ ನಿಲ್ಲೋರಲ್ಲ. ಗೋಡೆ ಹಿಡಿದುಕೊಂಡು ಎಲ್ಲ ಹೇಳಿದರು. ಮುಗಿಸಿದ ಮೇಲೆ ನಾನು ಕೇಳಿದೆ, "ನಿಮ್ಮಮ್ಮ ನನ್ನನ್ನ ಬಾಯಿಗೆ ಬಂದ ಹಾಗೆ ಬಯ್ದಾಗಲೂ ಗೊತ್ತಿತ್ತಾ?" ಹೂಂ ಅಂದರು. "ನಾನು ಸೊಸೆಗೆ ಅಂದಾಗ?" ಅದಕ್ಕೂ ಹೂಂ ಅಂದರು. ನಾನು ಉಳಿದ ತರಕಾರಿ ಹೆಚ್ಚಿ ಮುಗಿಸಿದೆ. ಎದ್ದು ಹಿತ್ತಿಲಿಗೆ ಹೋಗಿ ಕಾರಿಕೊಂಡೆ.

ನಾಲ್ಕನೇ ದಿನ ಭಾನುವಾರ. ಅಂಗಿ ಹಾಕಿಕೊಳ್ಳಿ ಅಂದೆ. ಎಲ್ಲಿಗೆ ಅಂದರು. ನಿಮ್ಮ ಪಟ್ಟಿಯಲ್ಲಿ ಎಷ್ಟು ಜನ ಇದ್ದರೋ ಅಷ್ಟೂ ಮನೆಗೆ ಅಂದೆ. ಗಂಡಸರ ಹತ್ತಿರ ನಾನೇ ಮಾತಾಡ್ತೀನಿ ಅಂದರು. ಗಂಡಸರಿಗೆ ಆಮೇಲೆ ಹೇಳಿ, ಮೊದಲು ಅವರ ಹೆಂಡಿರಿಗೆ ಹೇಳಿ, ನಾನು ಪಕ್ಕದಲ್ಲಿ ನಿಂತಿರ್ತೀನಿ ಅಂದೆ.

ಎರಡು ಭಾನುವಾರ ಹಿಡೀತು. ಪ್ರತಿ ಬಾಗಿಲಲ್ಲೂ ಇವರು ಅದೇ ಮಾತು ಹೇಳಬೇಕು. ನಿಮ್ಮ ಗಂಡನ ರಕ್ತದಲ್ಲಿ ವಿಷ ಇದೆ, ನನಗೆ ಗೊತ್ತಿತ್ತು, ಮಾತ್ರೆ ಕೊಟ್ಟು ಮುಚ್ಚಿಟ್ಟೆ, ಮಕ್ಕಳಾಗದಿದ್ದರೆ ತಪ್ಪು ನಿಮ್ಮದು ಅಂತ ಯಾರೂ ಅನ್ನೋ ಹಾಗಿಲ್ಲ, ಬಟ್ಟೆ ಮನೆಯಲ್ಲಿ ಒಗೀಬೇಡಿ. ಮೊದಲನೇ ಮನೆಯಲ್ಲಿ ಇವರು ಗೊಣಗಿದರು. ಕೇಳಿಸೋ ಹಾಗೆ ಹೇಳಿ ಅಂದೆ. ಉದ್ದನೆಯವನ ಹೆಂಡತಿ ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು ಪಾತ್ರೆ ತೊಳೆದ ನೀರನ್ನ ಇವರ ಕಾಲ ಮೇಲೇ ಚೆಲ್ಲಿದಳು, ಬೇಕಂತಲೇ. ಕುಳ್ಳನ ಹೆಂಡತಿ ಮಾತ್ರ ನಮ್ಮನ್ನ ಒಳಗೆ ಕರೆದು ಕೂರಿಸಿ, "ನಮ್ಮ ಅತ್ತೆಗೂ ಇದನ್ನೇ ಹೇಳಿ" ಅಂತ ಮುದುಕಿಯನ್ನ ಕೈಹಿಡಿದು ಕರಕೊಂಡು ಬಂದಳು. ಮುದುಕಿ ಎಲ್ಲ ಕೇಳಿ ಸೊಸೆಯ ಮುಖ ನೋಡೋಕಾಗದೆ ಗೋಡೆ ಕಡೆ ತಿರುಗಿ ಕೂತಳು. ನಾನು ಅವಳನ್ನೇ ನೋಡ್ತಿದ್ದೆ. ನನ್ನ ಮುಖವೂ ಹಾಗೇ ಇರಬೇಕು ಅಂದುಕೊಂಡೆ.

ಆಮೇಲೆ ಇವರು ಕಾರ್ಮಿಕರ ಕಚೇರಿಗೆ ಹೋಗಿ ಹೇಳಿ ಬಂದರು, ನಿನ್ನ ಗಂಡನಿಗೆ ಗೊತ್ತೇ ಇರುತ್ತೆ. ಕಂಪನಿ ಡಾಕ್ಟರು ರಜೆ ಮೇಲೆ ಹೋಗಿದ್ದಾನಂತೆ. ಕುಲುಮೆ ಒಂದು ವಾರ ನಿಲ್ಲಿಸಿ ಮತ್ತೆ ಹಚ್ಚಿದ್ದಾರೆ. ಹನ್ನೆರಡು ಜನ ಕೆಲಸಕ್ಕೆ ಹೋಗ್ತಿಲ್ಲ. ಆರು ಜನ ಹೋಗ್ತಿದ್ದಾರೆ, ಹೊಟ್ಟೆಪಾಡು. ನ್ಯಾಯ ಸಿಗುತ್ತೋ ಇಲ್ಲವೋ ನನಗೆ ತಿಳಿಯಲ್ಲ.

ಇವರಿಗೆ ಅಡುಗೆ ಮಾಡಿ ಇಡ್ತೀನಿ, ಬಡಿಸಲ್ಲ. ಬಡಿಸಿಕೊಂಡು ಉಣ್ತಾರೆ.

ಇನ್ನು ನನ್ನ ವಿಷಯ. ಎರಡನೇ ಸಲ ನೀನು ಆಸ್ಪತ್ರೆಯಿಂದ ಬಂದಾಗ ನಾನು ನಿನಗೆ, ಈ ಹೊಟ್ಟೆ ಹೆಣ ಹೊರೋಕೇ ಇರೋದು ಅಂದೆ. ನನ್ನ ಅತ್ತೆ ನನಗೆ ಅಂದಿದ್ದಕ್ಕಿಂತ ಕೆಟ್ಟ ಮಾತು ಹುಡುಕಿ ಅಂದೆ. ಅದು ಸೀಸದಿಂದ ಬಂದಿದ್ದಲ್ಲ, ಇವರು ಹೇಳಿಕೊಟ್ಟಿದ್ದೂ ಅಲ್ಲ. ಅದು ನನ್ನದೇ. ಕ್ಷಮಿಸು ಅಂತ ಬರೆದು ಹೊಡೆದುಹಾಕಿದೆ, ಮೇಲೆ ಗೀಟು ಕಾಣ್ತಿದೆಯಲ್ಲ ಅದೇ. ಕ್ಷಮಿಸು ಅಂದರೆ ನೀನು ಏನಾದರೂ ಹೇಳಬೇಕಾಗುತ್ತೆ. ನೀನು ಏನೂ ಹೇಳಬೇಕಾಗಿಲ್ಲ.

ಇವರು ಕುಲುಮೆ ಮುಂದೆ ನಿಂತ ಆರು ವರ್ಷ ಇವರ ಬಟ್ಟೆ ಒಗೆದವಳು ನಾನು. ನನಗೂ ಕೈ ನಡುಗುತ್ತೆ, ಹೊಟ್ಟೆ ಹಿಡಿದುಕೊಳ್ಳುತ್ತೆ. ನಾನೂ ರಕ್ತ ಕೊಡಬೇಕು. ಗುರುವಾರ ಹನ್ನೊಂದರ ಬಸ್ಸಿಗೆ ಒಬ್ಬಳೇ ಬರ್ತೀನಿ. ನಿಲ್ದಾಣಕ್ಕೆ ನಿನ್ನ ಗಂಡನನ್ನ ಕಳಿಸಬೇಡ. ನಿನಗೆ ಮನಸ್ಸಿದ್ದರೆ ನೀನು ಬಾ. ಇಲ್ಲದಿದ್ದರೆ ಬೇಡ, ಆಸ್ಪತ್ರೆಗೆ ನಾನೇ ದಾರಿ ಕೇಳಿಕೊಂಡು ಹೋಗ್ತೀನಿ.

ಅತ್ತೆ